ಹೊಟ್ಟೆ ತೊಳಸೋದೇ ಬೇರೆ, ಎದೆ ಹೊಡ್ಕೊಳ್ಳೋದೇ ಬೇರೆ

ವಿ.ಆರ್. ಹೆಡ್‌ಸೆಟ್ ಇರುವವರಿಗೆ ಈ ಮೂರು ಪದ ಗೊತ್ತಿರತ್ತೆ: ಕಂಫರ್ಟಬಲ್, ಮಾಡರೇಟ್, ಇಂಟೆನ್ಸ್. ಮೆಟಾ ಸ್ಟೋರಿನಲ್ಲಿ ಆಟಗಳ ಜೊತೆ ಇಂಥದೊಂದು ಚೀಟಿ ಅಂಟಿರತ್ತೆ. ಆಡಿದರೆ ನಿಮಗೆ ಏನಾಗಬಹುದು ಅಂತ ಮೊದಲೇ ಹೇಳುವ ಭವಿಷ್ಯ ಅದು. ನನ್ನ ತಕರಾರು ಇಷ್ಟೇ: ಈ ಭವಿಷ್ಯ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಪದದಲ್ಲಿ ಮುಗಿಸಿಬಿಡತ್ತೆ.

ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 'ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್'ನಲ್ಲಿ ಲಿಫ್ಟ್ ಹತ್ತಿ ಮೇಲೆ ಹೋಗ್ತೀರಿ. ಬಾಗಿಲು ತೆರೆದರೆ ಎದುರಿಗೆ ಗಾಳಿಯಲ್ಲಿ ಚಾಚಿಕೊಂಡ ಒಂದು ಹಲಗೆ, ಕೆಳಗೆ ಇಡೀ ನಗರ. ನಡೆಯೋದು ನಿಮ್ಮದೇ ಕಾಲಲ್ಲಿ, ಹಾಗಾಗಿ ಕಣ್ಣಿಗೂ ಒಳಗಿವಿಗೂ ಹೆಚ್ಚು ಜಗಳವಿಲ್ಲ. ಆದರೂ, ನಿಂತಿರೋದು ಮನೆಯ ಹಾಲ್‌ನಲ್ಲಿ ಅಂತ ಗೊತ್ತಿದ್ದೂ ನನ್ನ ಅಂಗೈ ಬೆವರತ್ತೆ. ಇದು ಭಯ. ಇನ್ನೊಂದು ಕಡೆ, ಸೋಫಾದಲ್ಲಿ ಕೂತು ಜಾಯ್‌ಸ್ಟಿಕ್ ಒತ್ತಿ ಹಸಿರು ಬಯಲಲ್ಲಿ ಸುಮ್ಮನೆ ಓಡಾಡಿ. ಹೆದರೋಕೆ ಏನೂ ಇಲ್ಲ. ಆದರೆ ಕಣ್ಣು 'ಹೋಗ್ತಿದ್ದೀನಿ' ಅನ್ನತ್ತೆ, ಒಳಗಿವಿ 'ಕೂತಿದ್ದೀನಿ' ಅನ್ನತ್ತೆ. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸೋಕೆ ಶುರು. ಆಗುಂಬೆ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡ್ತಾ ಕೂತವರ ಕಷ್ಟ ಇದರ ತಿರುವುಮುರುವು: ಮೈ ತಿರುಗತ್ತೆ, ಕಣ್ಣಿಗೆ ಗೊತ್ತಾಗಲ್ಲ.

ಗೊಂದಲ ಬರೀ ಚೀಟಿಯದಲ್ಲ, ಅಳತೆಗೋಲಿನದೂ ಹೌದು. ಕೆನಡಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಿಮ್ಯುಲೇಟರ್ ಸಿಕ್‌ನೆಸ್ ಪ್ರಶ್ನಾವಳಿ ಇಂದಿಗೂ ವಿ.ಆರ್. ಸಂಶೋಧನೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದು ರೂಪುಗೊಂಡಿದ್ದು ಅಮೆರಿಕದ ನೌಕಾಪಡೆಯ ವಿಮಾನ ಸಿಮ್ಯುಲೇಟರ್‌ಗಳ ಮಾಹಿತಿಯಿಂದ. ಅದರ 16 ಲಕ್ಷಣಗಳಲ್ಲಿ ಬೆವರು, ವಾಕರಿಕೆ, ಗಮನ ನಿಲ್ಲದಿರೋದು ಸೇರಿವೆ. ಇವು ಭಯದ ಲಕ್ಷಣಗಳೂ ಹೌದಲ್ವಾ? ಹಲಗೆ ಮೇಲೆ ನಡುಗಿದವರ ಅಂಕವೂ ಏರತ್ತೆ. ಈಗ ಹೃದಯಬಡಿತ, ಚರ್ಮದ ಬೆವರು ಅಳೆದು ಯಾರಿಗೆ ಏನಾಗತ್ತೆ ಅಂತ ಕಂಪ್ಯೂಟರಿನಿಂದ ಹೇಳಿಸೋ ಪ್ರಯತ್ನಗಳಿವೆ. ಅದಕ್ಕೆ ಈ ಅಂಕವನ್ನೇ ಪಾಠ ಮಾಡಿದರೆ ಕಲಬೆರಕೆಯನ್ನೇ ಅದೂ ಕಲಿಯತ್ತೆ.

ಹೆಸರಲ್ಲೇನಿದೆ ಅನ್ನಬೇಡಿ. ಎರಡಕ್ಕೂ ಮದ್ದು ಬೇರೆ. ಎತ್ತರದ ಭಯಕ್ಕೆ ವಿ.ಆರ್. ಮೂಲಕ ಚಿಕಿತ್ಸೆ ಕೊಡೋದು 1990ರ ದಶಕದಿಂದಲೇ ಇದೆ. ಅಲ್ಲಿ ಸ್ವಲ್ಪ ಸ್ವಲ್ಪವೇ ಎದುರಿಸ್ತಾ ನಿಂತರೆ ಭಯ ಇಳಿಯತ್ತೆ. ವಾಕರಿಕೆ ಹಾಗಲ್ಲ, ಶುರುವಾದ ಮೇಲೆ ಹಠ ಹಿಡಿದಷ್ಟೂ ಹೆಚ್ಚತ್ತೆ, ಹೆಡ್‌ಸೆಟ್ ತೆಗೆದಿಡಬೇಕು. ಒಂದನ್ನು ಇನ್ನೊಂದು ಅಂದುಕೊಂಡರೆ ನಿಲ್ಲಬೇಕಾದವರು ಓಡಿಹೋಗ್ತಾರೆ, ನಿಲ್ಲಿಸಬೇಕಾದವರು ನರಳ್ತಾರೆ.

ಆಟ ಮಾಡುವವರು ಈ ವಿಷಯದಲ್ಲಿ ಚೀಟಿ ಅಂಟಿಸುವವರಿಗಿಂತ ಮುಂದಿದ್ದಾರೆ. 2020ರ 'ಹಾಫ್-ಲೈಫ್: ಅಲಿಕ್ಸ್' ನೋಡಿ. ಓಡಾಡೋದು ಒಗ್ಗದವರಿಗೆ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವ ಆಯ್ಕೆ ಇದೆ. ಕತ್ತಲು, ಭಯ ಮಾತ್ರ ಹಾಗೇ ಇದೆ. ಹೊಟ್ಟೆಗೆ ರಿಯಾಯಿತಿ, ಎದೆಗಿಲ್ಲ!

ಚೀಟಿಯೂ ಹೀಗೆ ಎರಡು ಸಾಲಲ್ಲಿರಲಿ: ಎಷ್ಟು ತಿರುಗಿಸತ್ತೆ, ಎಷ್ಟು ಹೆದರಿಸತ್ತೆ. ಯಾವುದನ್ನು ತಡ್ಕೋಬೇಕು ಅನ್ನೋದನ್ನ ನಾವೇ ನೋಡ್ಕೋತೀವಿ.