ತೊಂಬತ್ತೊಂಬತ್ತರ ಮಡಿ

"ಐಪಿಎ ಹಚ್ರಿ, ಎಲ್ಲಾ ಕರಗಿ ಹೋಗ್ತೈತಿ." ಹಾವೇರಿಯ ರಿಪೇರಿ ಅಂಗಡಿಗಳಲ್ಲಿ ಈ ಮಾತಿಗೆ ಈಗ ಎದುರಾಡುವವರಿಲ್ಲ. ಪ್ರೊಸೆಸರಿನ ಮೇಲೆ ಒಣಗಿದ ಹಳೇ ಥರ್ಮಲ್ ಪೇಸ್ಟಿಗೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲೇ ರಾಮಬಾಣ, ಅದೂ 99 ಪರ್ಸೆಂಟಿನದೇ ಆಗಬೇಕು ಎಂಬ ಕೀರ್ತಿ ಗಟ್ಟಿಯಾಗಿ ಕೂತಿದೆ. ರಾಣೆಬೆನ್ನೂರಿನಲ್ಲಿ ಇನ್ನೂ ಪೆಟ್ರೋಲಿನಲ್ಲಿ ಒರೆಸುವ ಹಳಬರಿದ್ದಾರೆ; ಅವರ ಹೆಸರೆತ್ತಿದರೆ ಐಪಿಎಯವರು ಮೂಗು ಮುರಿಯುತ್ತಾರೆ. ನನ್ನ ತಕರಾರು ಇರುವುದು 'ಕರಗಿ' ಎಂಬ ಒಂದು ಪದದ ಮೇಲೆ.

ಕರಗುವುದು ಯಾವುದು? ಸಾಮಾನ್ಯ ಬಿಳಿ ಪೇಸ್ಟೆಂದರೆ ಸಿಲಿಕೋನ್ ಎಣ್ಣೆಯಲ್ಲಿ ಕಲಸಿದ ಸತುವಿನ ಆಕ್ಸೈಡ್ ಪುಡಿ. ಆ ಪುಡಿ ಐಪಿಎಗೂ ಕರಗದು, ಪೆಟ್ರೋಲಿಗೂ ಕರಗದು, ಅಸಿಟೋನಿಗೂ ಕರಗದು. ಕರಗಬಲ್ಲದ್ದು ಎಣ್ಣೆ ಮಾತ್ರ; ಅದು ಪೆಟ್ರೋಲು, ಟೊಲ್ಯೂಯಿನ್‌ಗಳ ಜಾತಿಗೆ ಒಲಿದಷ್ಟು ಸಲೀಸಾಗಿ ಐಪಿಎಗೆ ಒಲಿಯುವುದಿಲ್ಲ. ಅನುಮಾನವಿದ್ದವರು ಸಣ್ಣ ಗಾಜಿನ ಬಾಟಲಿಯಲ್ಲಿ ಐಪಿಎ ತೆಗೆದುಕೊಂಡು ಕಡಲೆಕಾಳಷ್ಟು ಪೇಸ್ಟು ಹಾಕಿ ಅಲ್ಲಾಡಿಸಲಿ. ಹಾಲಿನಂತೆ ಬೆಳ್ಳಗಾಗುತ್ತದೆ. ಇದನ್ನೇ ಕರಗಿತು ಎನ್ನುತ್ತಾರೆ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿದರೆ ಪುಡಿಯೆಲ್ಲ ತಳದಲ್ಲಿ ಕೂತಿರುತ್ತದೆ. ಇನ್ನು ನಾಲ್ಕಾರು ವರ್ಷ ಕಾಯ್ದು ತಣಿದ ಪೇಸ್ಟಿನಲ್ಲಿ ಎಣ್ಣೆ ಅಂಚಿಗೆ ಜಾರಿ, ನಡುವೆ ಉಳಿಯುವುದು ಗೋಡೆಯ ಸುಣ್ಣದಂಥ ಹಕ್ಕಳೆ. ಅದನ್ನು ನೆನೆಸಬಹುದು, ಎಬ್ಬಿಸಬಹುದು, ಅಷ್ಟೆ. ದುಡಿದದ್ದು ಬಟ್ಟೆ, ಹೆಸರು ಬಂದದ್ದು ಬಾಟಲಿಗೆ.

ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಣಸಿನಕಾಯಿ ತೊಟ್ಟು ಮುರಿದು ಉರಿಯುವ ಕೈಯನ್ನು ನೀರಿಗೆ ಹಿಡಿದರೆ ಖಾರ ಇಳಿಯದು. ಮೊದಲು ಎಣ್ಣೆ ತಿಕ್ಕಬೇಕು, ಆಮೇಲೆ ಸೋಪು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಕಾಯಿಯಿಂದ ಓಲಿಯೊರೆಸಿನ್ ಎಂಬ ಸಾರ ತೆಗೆಯಲು ಹೆಕ್ಸೇನ್‌ನಂಥ ದ್ರಾವಕ ಬೇಕು. ಬಣ್ಣ ಅಳೆಯುವ ಆಸ್ಟಾ ಪರೀಕ್ಷೆಗೆ ಅಸಿಟೋನೇ ಬೇಕು. ಅದೇ ಅಸಿಟೋನು ಲ್ಯಾಪ್‌ಟಾಪಿನ ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಒಂದು ಹನಿ ಬಿದ್ದರೆ ಮೈಯೆಲ್ಲ ಕಲೆ. ಎಲ್ಲಿ, ಯಾವುದನ್ನು ಬಿಡಿಸಲು ಎಂದು ಕೇಳದೆ ದ್ರಾವಕಕ್ಕೆ ಪಟ್ಟ ಕಟ್ಟುವುದು ಅಡುಗೆ ಬಲ್ಲವರ ಲಕ್ಷಣವಲ್ಲ.

ಪೆಟ್ರೋಲಿನವರ ತರ್ಕ ಸರಿ, ಹಿಡಿದ ಡಬ್ಬಿ ತಪ್ಪು. ಬಂಕಿನ ಪೆಟ್ರೋಲಿನಲ್ಲಿ ಬೆರೆತದ್ದೆಲ್ಲ ಆರಿದ ಮೇಲೆ ಪೊರೆಯಾಗಿ ಉಳಿಯಬಹುದು. ಮೇಲಾಗಿ ಅದೇ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಕಾಯುತ್ತಿರುತ್ತದೆ. ಆದರೂ ನನ್ನ ಸಿಟ್ಟೆಲ್ಲ 99ರ ಮಡಿವಂತರ ಮೇಲೆಯೇ. ಅವರಿಗೆ 91 ಎಂದರೆ ಮೈಲಿಗೆ. ಆ 91 ಯಾರೋ ಕಲಬೆರಕೆ ಮಾಡಿ ಬಂದ ಅಂಕಿಯಲ್ಲ: ಐಪಿಎ ಮತ್ತು ನೀರು ಒಂದು ಹದಕ್ಕೆ ಬಂದ ಮೇಲೆ ಜೊತೆಯಾಗಿಯೇ ಕುದಿಯುತ್ತವೆ, ಬರಿಯ ಬಟ್ಟಿಯಿಳಿಸುವಿಕೆ ಅಲ್ಲಿಗೆ ನಿಲ್ಲುತ್ತದೆ, ಅಳತೆಯಲ್ಲಿ ಅದು ಸುಮಾರು 91. ಮಿಕ್ಕದ್ದು ನೀರು. ಪ್ರೊಸೆಸರನ್ನು ಬಿಚ್ಚಿ ಒರೆಸುವಾಗ ಆ ನೀರಿಗೆ ಹೆದರಬೇಕಿಲ್ಲ, ಆರಿದರೆ ಮುಗಿಯಿತು. ಹೆದರಬೇಕಾದದ್ದು ಆರದೆ ಉಳಿಯುವುದಕ್ಕೆ. ಕೊರೊನಾ ಕಾಲದಲ್ಲಿ ಇಂಥ ಮಡಿವಂತರೊಬ್ಬರು ಸ್ಯಾನಿಟೈಸರ್ ಸುರಿದು ಒರೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಸ್ಯಾನಿಟೈಸರಿನಲ್ಲಿ ಕೈ ಒಡೆಯದಿರಲೆಂದು 1.45 ಪರ್ಸೆಂಟ್ ಗ್ಲಿಸರಾಲ್ ಇರುತ್ತದೆ. ಅದು ಕುದಿಯಲು 290 ಡಿಗ್ರಿ ಬೇಕು. ಐಪಿಎ ಹಾರಿಹೋದರೂ ಅದು ಪ್ರೊಸೆಸರಿನ ಮೇಲೇ ಕೂತಿರುತ್ತದೆ.

ಐಪಿಎ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅದರ ದೊಡ್ಡಗುಣ ಕರಗಿಸುವುದಲ್ಲ, ಗುರುತು ಬಿಡದೆ ಎದ್ದು ಹೋಗುವುದು. ಹಾಗಾಗಿ ಅದರ ಸರದಿ ಕೊನೆಗೆ.

ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಿಂದ ಬಂದಿದ್ದ ಕಂಪ್ಯೂಟರಿನಲ್ಲಿ ಪೇಸ್ಟಿನ ಅಂಚಿಗೆಲ್ಲ ಕೆಂಪು ಧೂಳು ಮೆತ್ತಿತ್ತು. ಬಿಚ್ಚುವಾಗಲೇ ನಾಲ್ಕು ಸೀನು. ಹಕ್ಕಳೆಯನ್ನು ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್ಕಿನಿಂದ ಒಣಗಿದ್ದಂತೆಯೇ ಕೆರೆದೆ. ಬನಿಯನ್ ಬಟ್ಟೆಯ ಒಂದು ಮೂಲೆಗೆ ಲೈಟರಿಗೆ ಹಾಕುವ ನಾಫ್ತಾ ಸೋಕಿಸಿ ಒರೆಸಿದೆ, ಬೂದಿಬಣ್ಣ ಬಂತು. ಎರಡನೆಯ ಮೂಲೆಗೂ ಅದೇ, ಬಣ್ಣ ತೆಳುವಾಯಿತು. ಮೂರನೆಯದಕ್ಕೆ ಐಪಿಎ, ಪ್ರೊಸೆಸರಿನ ಮುಚ್ಚಳದ ಮೇಲೆ ಕೊರೆದ ಅಕ್ಷರಗಳು ಓದಲು ಬಂದವು. ನಾಲ್ಕನೆಯ ಮೂಲೆ ಬೆಳ್ಳಗೇ ಉಳಿಯಿತು. ಐಪಿಎ ಖರ್ಚಾದದ್ದು ಮೂರೋ ನಾಲ್ಕೋ ಹನಿ.