ಸಂತೆ ಎತ್ತು, ದೇವರ ಎತ್ತು

ಪವನ್ ಸೆಹ್ರಾವತ್‌ನನ್ನು ಬೆಂಗಳೂರು ಬುಲ್ಸ್ ಕಳಕೊಂಡಿದ್ದು ಯಾರ ತಪ್ಪು? 2022ರ ಆಗಸ್ಟ್ ಹರಾಜಿನಲ್ಲಿ ಶುರುವಾದ ಈ ಜಗಳ ಇನ್ನೂ ಮುಗಿದಿಲ್ಲ. ಚಳ್ಳಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತ ಹುಡುಗರೂ ಇದನ್ನೇ ಮಾತಾಡ್ತಾರೆ, ಬೆಂಗಳೂರಿನ ಟೆಕ್ ಪಾರ್ಕಿನ ಕ್ಯಾಂಟೀನಲ್ಲಿ ನಮ್ಮ ಟೀಮಿನವರೂ ಇದನ್ನೇ ಮಾತಾಡ್ತಾರೆ. ಎರಡೂ ಕಡೆ ಕೂತು ಕೇಳಿದ್ದೀನಿ. ಭಾಷೆ ಸ್ವಲ್ಪ ಬೇರೆ, ವಾದ ಒಂದೇ. ಒಂದು ಪಾರ್ಟಿ, "ಬುಲ್ಸ್‌ನವರಿಗೆ ಬುದ್ಧಿ ಇಲ್ಲ, ಎಷ್ಟಾದ್ರೂ ಕೊಟ್ಟು ಇಟ್ಕೋಬೇಕಿತ್ತು" ಅನ್ನುತ್ತೆ. ಇನ್ನೊಂದು ಪಾರ್ಟಿ, "ಅವನಿಗೆ ನಿಯತ್ತಿಲ್ಲ, ದುಡ್ಡಿನ ಹಿಂದೆ ಹೋದ" ಅನ್ನುತ್ತೆ.

ನನ್ನ ತಕರಾರು ಇರೋದು ಎರಡೂ ಪಾರ್ಟಿಗಳ ಮೇಲೆ. ಮೊದಲನೆಯವರು ಆಟಗಾರನಿಗೆ ಬೆಲೆ ಕಟ್ಟುತ್ತಾರೆ, ಆದರೆ ಸಂತೆ ವ್ಯಾಪಾರದ ಮೊದಲ ಪಾಠವನ್ನೇ ಮರೀತಾರೆ. ಎರಡನೆಯವರು ಅವನಿಂದ ನಿಷ್ಠೆ ಕೇಳ್ತಾರೆ, ಆದರೆ ತಮ್ಮ ಕಡೆಯಿಂದ ಕೊಡೋದು ಏನೂ ಇಲ್ಲ. ಮಜಾ ಅಂದ್ರೆ, ಎಷ್ಟೋ ಸಲ ಎರಡೂ ಮಾತು ಒಂದೇ ಬಾಯಲ್ಲಿ, ಒಂದೇ ಸಂಜೆ ಬರುತ್ತೆ.

ಮೊದಲು ಲೆಕ್ಕ ನೋಡೋಣ. ಪವನ್ 2018ರಲ್ಲಿ ಬುಲ್ಸ್‌ಗೆ ವಾಪಸ್ ಬಂದಾಗ ಅವನ ಬೆಲೆ 52.8 ಲಕ್ಷ. ಅದಕ್ಕೆ ಹಿಂದಿನ ಸೀಸನ್ನಿನಲ್ಲಿ ಗುಜರಾತ್ ತಂಡದಲ್ಲಿದ್ದ ಅವನನ್ನು ಜಾಸ್ತಿ ಜನ ಗಮನಿಸಿರಲೇ ಇಲ್ಲ. ಆರನೇ ಸೀಸನ್ನಿನಲ್ಲಿ ಅವನೇ ಟಾಪ್ ರೇಡರ್. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ಎದುರು 22 ಪಾಯಿಂಟ್ ತಂದ, 38-33ರಲ್ಲಿ ಬುಲ್ಸ್‌ಗೆ ಮೊದಲ ಕಪ್ ಬಂತು. ಆಮೇಲಿನ ಎರಡು ಸೀಸನ್ನಿನಲ್ಲೂ ಅವನೇ ಟಾಪ್ ರೇಡರ್. ಇಷ್ಟು ಮಾಡಿದ ಮನುಷ್ಯ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದ. ಹೊಟ್ಟೆ ಉರಿಯೋದು ಸಹಜ.

ಆದರೆ ಹೊಟ್ಟೆ ಉರಿದವರು ಮುಂದಿನ ಪುಟ ಓದಲ್ಲ. ಪವನ್ ಇದ್ದ ಎಂಟನೇ ಸೀಸನ್ನಿನಲ್ಲಿ ಬುಲ್ಸ್ ಸೆಮಿಫೈನಲ್‌ನಲ್ಲಿ ಸೋತಿತು. ಪವನ್ ಇಲ್ಲದ ಒಂಬತ್ತನೇ ಸೀಸನ್ನಿನಲ್ಲೂ ಸೆಮಿಫೈನಲ್‌ನಲ್ಲೇ ಸೋತಿತು. ಅವನ ಜಾಗಕ್ಕೆ ಅಂತ 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲನನ್ನು ತಂದರು. ಆ ವರ್ಷ ತಂಡವನ್ನು ಎತ್ತಿ ನಿಲ್ಲಿಸಿದ್ದು ಮಾತ್ರ ಅವನಲ್ಲ, ಹರಾಜಿನ ದಿನ ಯಾರ ಬಾಯಲ್ಲೂ ಹೆಸರಿರದಿದ್ದ ಭರತ್ ಎಂಬ ಹುಡುಗ. ಅತ್ತ ತಲೈವಾಸ್‌ನಲ್ಲಿ ಪವನ್ ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಹೊರಗೆ ಕೂತ. "ಬಿಡಬಾರದಿತ್ತು" ಅನ್ನೋರು ಇದಕ್ಕೆ ಏನಂತಾರೆ? "ಬುಲ್ಸ್‌ನಲ್ಲೇ ಇದ್ದಿದ್ರೆ ಪೆಟ್ಟಾಗ್ತಿರಲಿಲ್ಲ" ಅಂತಾರೆ. ಇಂಥ ವಾದಕ್ಕೆ ಉತ್ತರ ಕೊಡೋದು ಕಷ್ಟ.

2023ರದ್ದು ಇನ್ನೂ ಒಳ್ಳೆ ಉದಾಹರಣೆ. ತೆಲುಗು ಟೈಟನ್ಸ್ ಅವನಿಗೆ 2.605 ಕೋಟಿ ಕೊಟ್ಟಿತು. ಲೀಗಿನ ಇತಿಹಾಸದಲ್ಲಿ ಅಲ್ಲಿವರೆಗೆ ಯಾರಿಗೂ ಸಿಗದ ಮೊತ್ತ. ಒಂದು ತಂಡಕ್ಕೆ ಆಟಗಾರರ ಮೇಲೆ ಖರ್ಚು ಮಾಡಲು ಇದ್ದ ಮಿತಿ ಐದು ಕೋಟಿ. ಅಂದ್ರೆ ಅರ್ಧಕ್ಕಿಂತ ಹೆಚ್ಚು ದುಡ್ಡು ಒಬ್ಬನಿಗೆ, ಉಳಿದ ಅರ್ಧದಲ್ಲಿ ಇಡೀ ತಂಡ. ಪವನ್ ಮೋಸ ಮಾಡಲಿಲ್ಲ, 200ಕ್ಕೂ ಹೆಚ್ಚು ರೇಡ್ ಪಾಯಿಂಟ್ ತಂದ. ತಂಡ 22 ಪಂದ್ಯದಲ್ಲಿ ಎರಡು ಗೆದ್ದು ಕೊನೇ ಸ್ಥಾನಕ್ಕೆ ಹೋಯ್ತು.

ಆ ಸೀಸನ್ ನಡೆಯುವಾಗ ಮೊಳಕಾಲ್ಮುರು ಕಡೆಯ ನಮ್ಮ ಸೋದರಮಾವನ ಜತೆ ಕೂತು ಟೈಟನ್ಸ್ ಪಂದ್ಯ ನೋಡ್ತಿದ್ದೆ. ಶೇಂಗಾ ಬೆಳೆದು, ಎತ್ತು ಸಾಕಿ ಗೊತ್ತಿರೋ ಮನುಷ್ಯ, ಕಬಡ್ಡಿ ಹರಾಜು ಅವರಿಗೆ ಹೊಸದು. "ಇವನಿಗೆ ಎರಡೂವರೆ ಕೋಟಿ ಮಾವ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಲ್ಲ ಅಳಿಯ, ಎತ್ತೇನೋ ಚೆನ್ನಾಗೈತೆ. ಜತೆ ಎತ್ತು ಎಲ್ಲೈತೆ?" ಅಂದರು.

ದನದ ಸಂತೇಲಿ ಓಡಾಡಿದವರಿಗೆ ಈ ಪ್ರಶ್ನೆ ಗೊತ್ತು. ಅಲ್ಲಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ಗೊರಸು ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾರೆ. ಆದರೆ ಇದೆಲ್ಲಕ್ಕಿಂತ ಮುಂಚೆ ಮನೇಲಿರೋ ಎತ್ತಿಗೆ ಇದು ಜೋಡಿ ಆಗುತ್ತಾ ಅಂತ ಯೋಚನೆ ಮಾಡಿರ್ತಾರೆ. ಎತ್ತರ ಸರಿಬೇಕು, ನಡಿಗೆ ಸರಿಬೇಕು. ಒಂದು ಕಡೆ ಆನೆಯಂಥದ್ದು, ಇನ್ನೊಂದು ಕಡೆ ಬಡಕಲು ಕಟ್ಟಿದರೆ ನೊಗ ವಾಲುತ್ತೆ, ಸಾಲು ಕೆಡುತ್ತೆ.

ಕಬಡ್ಡಿಯಲ್ಲಿ ಈ ಮಾತು ಬರೀ ಹೋಲಿಕೆಯಲ್ಲ, ನಿಯಮವೇ ಹಾಗಿದೆ. ರೇಡರ್ ಸಿಕ್ಕಿಬಿದ್ದರೆ ಔಟಾಗಿ ಹೊರಗೆ ಕೂರಬೇಕು. ಅವನು ಎಷ್ಟೇ ಕೋಟಿಯವನಾಗಲಿ, ತಾನಾಗಿ ಎದ್ದು ಬರೋ ಹಾಗಿಲ್ಲ. ಬೇರೆ ಯಾರೋ ಎದುರಾಳಿಯನ್ನು ಮುಟ್ಟಿ ಬರಬೇಕು ಅಥವಾ ಹಿಡಿದು ಹಾಕಬೇಕು, ಆಗ ಇವನಿಗೆ ಜೀವ. ಬೋನಸ್ ಪಾಯಿಂಟಿಗೆ ಜೀವ ಬರಲ್ಲ. ಅಂದ್ರೆ ಸ್ಟಾರ್ ರೇಡರ್ ಮ್ಯಾಟ್ ಮೇಲೆ ಎಷ್ಟು ನಿಮಿಷ ಇರ್ತಾನೆ ಅನ್ನೋದನ್ನು ತೀರ್ಮಾನಿಸೋದು ಎರಡನೇ ರೇಡರ್, ಮತ್ತೆ ಕಾರ್ನರ್, ಕವರ್‌ನಲ್ಲಿ ನಿಂತ ಡಿಫೆಂಡರ್‌ಗಳು. ಕಡಿಮೆ ದುಡ್ಡಲ್ಲಿ ಕೊಳ್ಳೋದು ಅವರನ್ನೇ, ಹರಾಜಿನ ರಾತ್ರಿ ಯಾರೂ ಹೆಸರೆತ್ತದೇ ಇರೋದೂ ಅವರನ್ನೇ.

ಹಾಗಂತ ಸ್ಟಾರ್‌ಗೆ ಕೋಟಿ ಕೊಡೋದೇ ದಂಡ ಅಂತ ನಾನು ಹೇಳ್ತಿಲ್ಲ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು ನೋಡಿ. 2023ರಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು, ಕಪ್ ಗೆದ್ದಿತು. ಮರುವರ್ಷ ಹರಿಯಾಣ ಸ್ಟೀಲರ್ಸ್ 2.07 ಕೋಟಿ ಕೊಟ್ಟಿತು, ಅದೂ ಗೆದ್ದಿತು. 2025ರಲ್ಲಿ ಗುಜರಾತ್ ಜೈಂಟ್ಸ್ 2.23 ಕೋಟಿ ಕೊಟ್ಟಿತು, ಮೊದಲ ಎಂಟರೊಳಗೂ ಬರಲಿಲ್ಲ. ಮನುಷ್ಯ ಅವನೇ, ಬೆಲೆಯೂ ಹೆಚ್ಚುಕಮ್ಮಿ ಅದೇ. ಪುಣೇರಿಯಲ್ಲಿ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್‌ರಂಥ ರೇಡ್ ಮಾಡಿ ಹಿಡಿಯಲೂ ಬಲ್ಲ ಹುಡುಗರು ಮೊದಲೇ ಇದ್ದರು, ಶಾದ್ಲೂಯಿಗೆ ಜೋಡಿ ಸಿಕ್ಕಿತು. ಆ ತಂಡದ ಕೋಚ್ ಯಾರು? ನಮ್ಮ ಕರ್ನಾಟಕದ ಬಿ.ಸಿ. ರಮೇಶ್. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಅವರೇ ಕಪ್ ಗೆದ್ದುಕೊಟ್ಟವರು. 2025ರಲ್ಲಿ ಅವರು ಬುಲ್ಸ್‌ಗೆ ಹೆಡ್ ಕೋಚ್ ಆದರು, ಹಿಂದಿನ ವರ್ಷ ಕೊನೇ ಸ್ಥಾನದಲ್ಲಿದ್ದ ತಂಡ ಪ್ಲೇ-ಆಫ್‌ಗೆ ಬಂತು. ಇಷ್ಟಾದರೂ ನಮ್ಮ ಚರ್ಚೆಯಲ್ಲಿ ಕೋಚ್ ಹೆಸರು ಬರೋದು ತಂಡ ಸೋತಾಗ ಮಾತ್ರ.

ಇನ್ನು ಎರಡನೇ ಪಾರ್ಟಿ, ನಿಯತ್ತಿನವರು. "ದುಡ್ಡಿಗೆ ಹೋದ" ಅನ್ನೋ ಮಾತೇ ಅರ್ಧ ಸುಳ್ಳು. ಹರಾಜಿನಲ್ಲಿ ಆಟಗಾರ ಎಲ್ಲಿಗೂ "ಹೋಗಲ್ಲ". ಅವನನ್ನು ಎ, ಬಿ, ಸಿ, ಡಿ ಅಂತ ವರ್ಗ ಮಾಡಿ ಮೂಲ ಬೆಲೆ ಬರೀತಾರೆ. ಎ ವರ್ಗಕ್ಕೆ 30 ಲಕ್ಷ, ಡಿ ವರ್ಗಕ್ಕೆ 9 ಲಕ್ಷ. ಆಮೇಲೆ ತಂಡಗಳು ಕೈ ಎತ್ತುತ್ತವೆ. ಕೊನೇ ಬಿಡ್ ಎಷ್ಟೋ ಅಷ್ಟೇ ಕೊಟ್ಟು ಹಳೇ ತಂಡ ವಾಪಸ್ ಇಟ್ಟುಕೊಳ್ಳೋಕೆ ಫೈನಲ್ ಬಿಡ್ ಮ್ಯಾಚ್ ಅನ್ನೋ ಕಾರ್ಡ್ ಇದೆ. ಅದನ್ನು ಎತ್ತೋ ಅಧಿಕಾರ ತಂಡಕ್ಕೆ. ಯಾವ ಊರಿಗೆ ಆಡ್ತೀಯಪ್ಪ ಅಂತ ಹರಾಜಿನ ಕೋಣೆಯಲ್ಲಿ ಅವನನ್ನು ಯಾರೂ ಕೇಳಲ್ಲ.

ಇದು ಕಬಡ್ಡಿಗೆ ಮಾತ್ರ ಅಂಟಿದ ರೋಗ ಅಲ್ಲ. ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಎದ್ದು ಎನ್‌ಬಿಎ ನೋಡೋರು ಇದ್ದಾರೆ. 2025ರ ಫೆಬ್ರವರಿಯಲ್ಲಿ ಡಲ್ಲಾಸ್ ತಂಡ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟು ಆಂಥೋನಿ ಡೇವಿಸ್‌ನನ್ನು ತಂದಾಗ ಇಡೀ ವಾರ ಅದೇ ಮಾತು. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ಗೆ ಒಯ್ದ 25 ವರ್ಷದ ಹುಡುಗ. ಅವನನ್ನು ಒಂದು ಮಾತೂ ಕೇಳದೆ ರಾತ್ರೋರಾತ್ರಿ ಬದಲಾಯಿಸಿದರು. ಡಲ್ಲಾಸ್ ಅಭಿಮಾನಿಗಳು ಬೀದಿಗಿಳಿದು ಕೂಗಿದರು, ಆ ವರ್ಷದ ನವೆಂಬರಿನಲ್ಲಿ ವ್ಯಾಪಾರ ಮಾಡಿದ ಮ್ಯಾನೇಜರ್‌ನ ಕೆಲಸವೂ ಹೋಯ್ತು. ಆಗ ನಮ್ಮವರು "ಛೇ, ಹೀಗಾ ಮಾಡೋದು, ಲೂಕಾಗೆ ಎಷ್ಟು ಬೇಜಾರಾಗಿರಬೇಕು" ಅಂದರು. ಅದೇ ಬಾಯಿ ಊಟದ ಹೊತ್ತಿಗೆ, "ಬುಲ್ಸ್‌ನವರು ಆ ರೇಡರ್‌ನ ಬಿಟ್ಟಾಕಿ ಬೇರೆಯವನನ್ನ ತರ್ಬೇಕು" ಅನ್ನುತ್ತೆ. ಅಮೆರಿಕದಲ್ಲಿ ಆಡೋ ಹುಡುಗನಿಗೆ ಮನಸ್ಸಿದೆ, ಹರಿಯಾಣದ ಹುಡುಗನಿಗೆ ಇಲ್ಲವೇನೋ.

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಎರಡು ಥರ ಎತ್ತು ಇವೆ. ಒಂದು, ಸಂತೆಯಲ್ಲಿ ಕೈ ಬದಲಾಗುವ ಎತ್ತು. ಇನ್ನೊಂದು ದೇವರ ಎತ್ತು. ಮ್ಯಾಸನಾಯಕರು ಹಿಂಡಾಗಿ ಸಾಕುವ ಈ ಎತ್ತುಗಳಿಗೆ ನೊಗ ಕಟ್ಟಲ್ಲ, ಮಾರಲ್ಲ. ಕಿಲಾರಿಗಳು ಅವನ್ನು ಕಾಯ್ತಾರೆ. ಮಳೆ ಕೈಕೊಟ್ಟ ವರ್ಷ ಮೇವಿಲ್ಲ ಅಂತಾದರೆ ದೂರದೂರದ ಜನ ಮೇವು ಕಳಿಸ್ತಾರೆ. ಮುದಿಯಾಯ್ತು ಅಂತ ಯಾರೂ ಹೊರಗೆ ಅಟ್ಟಲ್ಲ. ಅದು ನಮ್ಮದು ಅನ್ನೋರು ಅದರ ಹೊಟ್ಟೆಯ ಜವಾಬ್ದಾರಿಯನ್ನೂ ಹೊತ್ತಿರ್ತಾರೆ.

ಊರಲ್ಲಿ ಈ ಎರಡನ್ನೂ ಯಾರೂ ಗೊಂದಲ ಮಾಡ್ಕೊಳ್ಳಲ್ಲ. ಗೊಂದಲ ಇರೋದು ನಮ್ಮ ಕ್ರೀಡಾಭಿಮಾನದಲ್ಲಿ. ಆಟಗಾರನನ್ನು ಸಂತೆ ಎತ್ತಿನ ಹಾಗೆ ಮಾರ್ತೀವಿ, ಆಮೇಲೆ ದೇವರ ಎತ್ತಿನ ಹಾಗೆ ನಮ್ಮ ಹಿಂಡಲ್ಲೇ ಇರಲಿ ಅಂತ ಬಯಸ್ತೀವಿ. ಮೇವು ಹಾಕೋ ಪ್ರಶ್ನೆ ಬಂದಾಗ ಮಾತ್ರ ಸುಮ್ಮನಾಗ್ತೀವಿ.

ಪ್ರದೀಪ್ ನರ್ವಾಲ್ ಕಥೆ ನೆನಪಿಸಿಕೊಳ್ಳಿ. 2015ರಲ್ಲಿ ಅವನು ಲೀಗಿಗೆ ಕಾಲಿಟ್ಟಿದ್ದೇ ಬುಲ್ಸ್ ಮೂಲಕ. ಮರು ಸೀಸನ್ನಿಗೆ ಪಾಟ್ನಾಗೆ ಹೋದ, ಅಲ್ಲಿ ಸಾಲಾಗಿ ಮೂರು ಕಪ್. ಬಾಗಿ ನುಸುಳಿ ಬರೋ ಅವನ ಡುಬ್ಕಿಯನ್ನು ನಮ್ಮೂರಿನ ಹುಡುಗರು ಮಣ್ಣಿನ ಅಂಕಣದಲ್ಲಿ ಮಾಡೋಕೆ ಹೋಗಿ ಮೊಣಕೈ ತರಚಿಕೊಂಡಿದ್ದಾರೆ. 2021ರಲ್ಲಿ ಯುಪಿ ಯೋಧಾ ಕೊಟ್ಟ 1.65 ಕೋಟಿ ಆಗಿನ ದಾಖಲೆ. 2024ರಲ್ಲಿ 70 ಲಕ್ಷಕ್ಕೆ ಬುಲ್ಸ್‌ಗೆ ವಾಪಸ್ ಬಂದಾಗ "ಮನೆಗೆ ಬಂದ" ಅಂತ ಕುಣಿದರು. ಆ ಸೀಸನ್ ಬುಲ್ಸ್ ಗೆದ್ದಿದ್ದು ಬರೀ ಎರಡು ಪಂದ್ಯ. ಆಗ ಅದೇ ಜನ "ಮುದುಕನ್ನ ತಂದು ದುಡ್ಡು ಹಾಳ್ಮಾಡಿದ್ರು" ಅಂದರು. 2025ರ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ, ಆಟ ಬಿಟ್ಟ. ಆಗಿನ್ನೂ ಮೂವತ್ತರ ಆಸುಪಾಸು. 1,800ಕ್ಕೂ ಹೆಚ್ಚು ರೇಡ್ ಪಾಯಿಂಟ್ ತಂದವನ ಕೊನೇ ಹರಾಜು ಹೀಗೆ ಮುಗಿಯಿತು. ಪವನ್‌ನ ಬೆಲೆಯೂ ಅದೇ ವರ್ಷ 59.5 ಲಕ್ಷಕ್ಕೆ ಇಳಿದಿತ್ತು. ನಿಯತ್ತಿನ ಬಗ್ಗೆ ಭಾಷಣ ಮಾಡಿದವರು, 2.6 ಕೋಟಿ ಸಿಗೋ ವರ್ಷ ಅವನು ಅದನ್ನು ಬಿಡಬೇಕಿತ್ತು ಅಂತ ಯಾವ ಮುಖ ಇಟ್ಕೊಂಡು ಹೇಳ್ತಾರೆ? ಬೆಲೆ ಇರೋದು ನಾಲ್ಕೈದು ವರ್ಷ. ಮಂಡಿ ಹೋದರೆ ಅದೂ ಇಲ್ಲ.

ಇದನ್ನು ಐಟಿಯಲ್ಲಿರೋ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿ ಮೀಟಿಂಗಲ್ಲಿ "ನಾವೆಲ್ಲ ಒಂದು ಫ್ಯಾಮಿಲಿ" ಅಂತಾರೆ, ಪ್ರಾಜೆಕ್ಟ್ ಶೀಟಲ್ಲಿ ಅದೇ ನಮ್ಮನ್ನು "ರಿಸೋರ್ಸ್" ಅಂತ ಬರೀತಾರೆ. ಬೇರೆ ಕಂಪನಿ ಮೂವತ್ತು ಪರ್ಸೆಂಟ್ ಜಾಸ್ತಿ ಕೊಟ್ಟರೆ ನಾವು ಪೇಪರ್ ಹಾಕ್ತೀವಿ, ಅದರಲ್ಲಿ ತಪ್ಪೂ ಇಲ್ಲ. ಆ ಹಕ್ಕಾದರೂ ನಮಗಿದೆ. ರೇಡರ್‌ಗೆ ಅದೂ ಪೂರ್ತಿ ಇಲ್ಲ. ಆದರೂ ಸಂಜೆ ಆದ ಕೂಡಲೇ ನಾವೇ ಮಾಲೀಕರಾಗಿಬಿಡ್ತೀವಿ, "ಅವನನ್ನ ತೆಗೀರಿ, ಇವನನ್ನ ತನ್ನಿ".

ಇದು ಬರೀ ಕಾಲಹರಣದ ಹರಟೆ ಅಂತ ತಳ್ಳಿಹಾಕಬಹುದಿತ್ತು, ಕೇಳಿಸಿಕೊಳ್ಳೋ ಹುಡುಗರು ಇಲ್ಲದಿದ್ದರೆ. ನಮ್ಮ ಕಡೆ ಹಬ್ಬ, ಜಾತ್ರೆ ಬಂದರೆ ಲೈಟು ಕಟ್ಟಿ ಕಬಡ್ಡಿ ಆಡಿಸ್ತಾರೆ. ಆಡೋ ಹತ್ತರಲ್ಲಿ ಎಂಟು ಹುಡುಗರು ರೇಡರ್ ಆಗಬೇಕು ಅಂತಾರೆ. ಎಡ ಕಾರ್ನರ್‌ನಲ್ಲಿ ನಿಂತು ಕಾಲು ಹಿಡಿಯೋಕೆ ಯಾರಿಗೂ ಇಷ್ಟ ಇಲ್ಲ, ಯಾಕಂದ್ರೆ ಅಲ್ಲಿ ನಿಂತವನ ಹೆಸರನ್ನು ದೊಡ್ಡವರು ಮಾತಾಡಿದ್ದನ್ನೇ ಅವರು ಕೇಳಿಲ್ಲ. ಅವರು ಕೇಳಿರೋದು ಕೋಟಿ ಲೆಕ್ಕ, ಮತ್ತೆ ಸೋತ ದಿನದ ಬೈಗುಳ.

ಮುಂದಿನ ಹರಾಜಿಗೂ ಜಗಳ ಆಡೋಣ, ಆಡದೇ ಇದ್ದರೆ ಮಜಾ ಏನಿದೆ. ಆದರೆ ಎಷ್ಟು ಕೋಟಿ ಅಂತ ಕೇಳೋ ಮುಂಚೆ ಜೋಡಿ ಯಾರು ಅಂತ ಕೇಳೋಣ. ಸ್ಟಾರ್ ಹೊರಗೆ ಕೂತಾಗ ಅವನಿಗೆ ಜೀವ ತರೋ ಎರಡನೇ ರೇಡರ್ ಯಾರು, ಕವರ್‌ನಲ್ಲಿ ಯಾರು ನಿಲ್ತಾರೆ, ಡಿ ವರ್ಗದಲ್ಲಿ 9 ಲಕ್ಷಕ್ಕೆ ಬಂದ ಆ ಹುಡುಗ ಹಿಂದಿನ ವರ್ಷ ಎಲ್ಲಿ ಆಡಿದ್ದ ಅಂತ ವಾದ ಮಾಡೋಣ. ಬಿಟ್ಟು ಹೋದವನಿಗೆ ನಿಯತ್ತಿಲ್ಲ ಅನ್ನೋರು ಇದ್ದೇ ಇರ್ತಾರೆ. ಅಂಥವರು ಸಿಕ್ಕರೆ, ಅವನ ಮಂಡಿಗೆ ಪೆಟ್ಟಾದ ವರ್ಷ ನೀವೆಷ್ಟು ಮೇವು ಹಾಕಿದ್ರಿ ಅಂತ ಒಂದು ಮಾತು ಕೇಳಿ ನೋಡಿ.