ಮೌನಕ್ಕೆ ಪುಕ್ಕಟೆ ಹೊಗಳಿಕೆ

ಹಾರರ್ ಗೇಮ್‌ಗಳ ಬಗ್ಗೆ ಯಾರೇ ಬರೆಯಲಿ, ಒಂದು ಮಾತು ತಪ್ಪದೆ ಬರುತ್ತದೆ: ನಿಜವಾದ ಭಯ ಇರುವುದು ಮೌನದಲ್ಲಿ. ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಸಾಕ್ಷಿಯಾಗಿ ಅವರು ಹೆಸರಿಸುವ ಗೇಮ್‌ಗಳನ್ನೇ ಹೆಡ್‌ಫೋನ್ ಹಾಕಿಕೊಂಡು ಆಡಿದರೆ, ಆ ಮೌನ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

1999ರಲ್ಲಿ ಕೊನಾಮಿ ಹೊರತಂದ ‘ಸೈಲೆಂಟ್ ಹಿಲ್’ ನೋಡಿ. ಕಾಣೆಯಾದ ಮಗಳನ್ನು ಹುಡುಕುತ್ತಿರುವ ಹ್ಯಾರಿ ಮೇಸನ್ ಊರಿನ ಕೆಫೆಯಿಂದ ಹೊರಡುವ ಹೊತ್ತಿಗೆ ಅಲ್ಲಿದ್ದ ಪುಟ್ಟ ರೇಡಿಯೊ ಇದ್ದಕ್ಕಿದ್ದಂತೆ ಕರಕರ ಎನ್ನತೊಡಗುತ್ತದೆ. ಏನೆಂದು ನೋಡುವಷ್ಟರಲ್ಲಿ ಕಿಟಕಿ ಗಾಜು ಒಡೆದುಕೊಂಡು ರೆಕ್ಕೆಯ ಪ್ರಾಣಿಯೊಂದು ಒಳನುಗ್ಗುತ್ತದೆ. ಅಲ್ಲಿಂದ ಮುಂದೆ ಆ ರೇಡಿಯೊ ಅವನ ಜೊತೆಗೇ. ವಿಕಾರ ಜೀವಿಗಳು ಸಮೀಪಿಸಿದಾಗೆಲ್ಲ ಅದೇ ಕರಕರ.

ಮೊದಲೇ ಎಚ್ಚರಿಸಿದರೆ ಭಯ ತಗ್ಗಬೇಕಲ್ಲವೆ? ತಗ್ಗುವುದಿಲ್ಲ, ಯಾಕೆಂದರೆ ರೇಡಿಯೊ ಅರ್ಧ ಮಾತ್ರ ಹೇಳುತ್ತದೆ. ಏನೋ ಇದೆ ಎನ್ನುತ್ತದೆ, ಯಾವ ದಿಕ್ಕಿನಲ್ಲಿ ಎಂದು ಹೇಳುವುದಿಲ್ಲ. ಸುತ್ತ ನೋಡಿದರೆ ನಾಲ್ಕು ಹೆಜ್ಜೆಯಾಚೆಗೆ ಬರೀ ಮಂಜು. (ದೂರದ ಬೀದಿಗಳನ್ನೆಲ್ಲ ಒಟ್ಟಿಗೆ ತೋರಿಸುವ ತಾಕತ್ತು ಆಗಿನ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಆ ಕೊರತೆ ಮುಚ್ಚಿದ ಮಂಜು ರೇಡಿಯೊಗಿಂತ ಹೆಚ್ಚು ಹೆಸರು ಮಾಡಿಕೊಂಡಿತು.)

ಸಂಗೀತ ಕೊಟ್ಟ ಅಕಿರಾ ಯಮಾವೊಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶಾಲೆ, ಆಸ್ಪತ್ರೆಗಳ ಕಾರಿಡಾರ್‌ಗಳಲ್ಲಿ ತಗಡು ಬಡಿದಂಥ, ಯಂತ್ರ ಅರೆಯುವಂಥ ಸದ್ದು. ಇದು ಹಿನ್ನೆಲೆ ಸಂಗೀತವೋ, ಪಕ್ಕದ ಕೋಣೆಯಲ್ಲಿ ನಿಜಕ್ಕೂ ಏನೋ ನಡೆಯುತ್ತಿದೆಯೋ ಗೊತ್ತಾಗುವುದಿಲ್ಲ. ಸಿನಿಮಾದಲ್ಲಾದರೆ ನಮಗೆ ಗೊತ್ತಾಗದಿದ್ದರೂ ಪಾತ್ರ ಹೋಗಿ ಬಾಗಿಲು ತೆಗೆಯುತ್ತದೆ. ಇಲ್ಲಿ ಬಾಗಿಲು ತೆಗೆಯುವ ಬಟನ್ ನಮ್ಮ ಹೆಬ್ಬೆರಳಿನ ಕೆಳಗಿದೆ. ಕಿವಿಗೆ ಬಿದ್ದದ್ದನ್ನು ನಂಬುವುದೋ ಬಿಡುವುದೋ ನಾವೇ ತೀರ್ಮಾನಿಸಬೇಕು. ಮೌನ ನಮ್ಮನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸಲಾರದು.

ಮೌನದ ಪರ ವಕಾಲತ್ತು ವಹಿಸುವವರ ಬಲವಾದ ಸಾಕ್ಷಿ 2008ರ ‘ಡೆಡ್ ಸ್ಪೇಸ್’. ಗಾಳಿಯಿಲ್ಲದ ಜಾಗಗಳಿಗೆ ಕಾಲಿಟ್ಟರೆ ಹೊರಗಿನ ಸದ್ದು ಅಡಗುತ್ತದೆ, ನಿಜ. ಆದರೆ ಆಗಲೇ ಕಥಾನಾಯಕ ಐಸಾಕ್ ಕ್ಲಾರ್ಕ್‌ನ ಉಸಿರಾಟ ಕಿವಿ ತುಂಬುತ್ತದೆ. ಹೊಡೆತಗಳು ಎಲ್ಲೋ ಆಳದಿಂದ ಬಂದಂತೆ ಮಂದವಾಗಿ ಕೇಳುತ್ತವೆ. ಇಷ್ಟು ಎಚ್ಚರದಿಂದ ಆರಿಸಿ ಜೋಡಿಸಿದ ಸದ್ದುಗಳನ್ನು ಮೌನ ಎಂದು ಕರೆಯುವುದು ಅದನ್ನು ಮಾಡಿದವರ ಕೆಲಸಕ್ಕೆ ಅವಮಾನ.

2014ರ ‘ಏಲಿಯನ್: ಐಸೊಲೇಷನ್’ನಲ್ಲಿ ಮಾತ್ರ ಮೌನ ಇದೆ, ಒಪ್ಪುತ್ತೇನೆ. ಪ್ಲೇಸ್ಟೇಷನ್ 4ರ ಕ್ಯಾಮೆರಾ ಅಥವಾ ಎಕ್ಸ್‌ಬಾಕ್ಸ್ ಒನ್‌ನ ಕೈನೆಕ್ಟ್ ಇದ್ದರೆ, ನಾವು ಕೂತ ಕೋಣೆಯ ಸದ್ದನ್ನೂ ನಮ್ಮನ್ನು ಬೇಟೆಯಾಡುವ ಏಲಿಯನ್ ಕೇಳಿಸಿಕೊಳ್ಳುವಂತೆ ಸೆಟ್ಟಿಂಗ್ ಮಾಡಬಹುದು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಕಥೆ ಮುಗಿಯಿತು. ಹಾಗಾಗಿ ಆಟಗಾರ ಉಸಿರು ಬಿಗಿಹಿಡಿದು ಕೂರುತ್ತಾನೆ. ಅವನು ಹೆದರುವುದು ತನ್ನಿಂದ ಹೊರಡಬಹುದಾದ ಸದ್ದಿಗೆ.

ಸದ್ದಿದ್ದರೆ ಸಾಕು ಎಂದೂ ಅಲ್ಲ. 2019ರ ‘ರೆಸಿಡೆಂಟ್ ಈವಿಲ್ 2’ರ ಪೊಲೀಸ್ ಠಾಣೆಯಲ್ಲಿ ನಮ್ಮನ್ನು ಬೆನ್ನಟ್ಟುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟುಗಳು ಧಡ್ ಧಡ್ ಎನ್ನುತ್ತಿರುತ್ತವೆ. ಮೇಲಿನ ಮಹಡಿಯೋ, ಪಕ್ಕದ ಕಾರಿಡಾರೋ ಕಿವಿಯಿಂದಲೇ ಹೇಳಬಹುದು. ಮೊದಮೊದಲು ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಅವನು ಆ ಕಡೆ ಹೋದ, ನಾವು ಈ ಕಡೆಯಿಂದ ನುಸುಳೋಣ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಸದ್ದು ಎಲ್ಲವನ್ನೂ ಹೇಳಿಬಿಟ್ಟರೆ ಹೀಗೇ. ‘ಸೈಲೆಂಟ್ ಹಿಲ್’ ಕೂಡ ಇದರಿಂದ ಪೂರ್ತಿ ಪಾರಾಗಿಲ್ಲ: ಕೈಯಲ್ಲಿ ಗುಂಡುಗಳು ಧಾರಾಳವಾದಾಗ ರೇಡಿಯೊ ಬರೀ ಕಾಲಿಂಗ್ ಬೆಲ್ ಆಗಿಬಿಡುತ್ತದೆ. ಅಲ್ಲಿ ಕಡಿಮೆ ಮಾಡಬೇಕಾದದ್ದು ಗುಂಡುಗಳನ್ನು, ಸದ್ದನ್ನಲ್ಲ.